ಮನೆಯೋರು ಹಿಂದೆ ಬರ್ತಾ ಇದ್ದಾರೆ

ನಾನು ಗಾಡಿ ನಿಲ್ಲಿಸಿದ ಕಡೆಯೆಲ್ಲ ಏನಾದರೊಂದು ಆಗುತ್ತೆ. ಆಗದೆ ಇರಲಿ ಅಂತ ಊರಾಚೆ, ಜನ ಇಲ್ಲದ ಕಡೆ ಹುಡುಕಿ ನಿಲ್ಲಿಸಿದರೆ ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಚಿಂತಾಮಣಿಯಲ್ಲಿ ನಮ್ಮ ಬೀದಿಯವರಿಗೇ ಅದು ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ತುಂಬಾ ವರ್ಷ ನಾನು ಸ್ಕೂಲ್ ವ್ಯಾನ್ ಓಡಿಸುತ್ತಿದ್ದೆ. ಸ್ಕೂಲಿನವರು ದೊಡ್ಡ ಬಸ್ಸುಗಳನ್ನು ತಂದರು, ನನ್ನ ವ್ಯಾನು ಮೂಲೆ ಸೇರಿತು. ಅದೇ ವರ್ಷ ನಮ್ಮ ಮನೆಯವರೂ ತೀರಿಕೊಂಡರು. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಎದ್ದರೆ ಬೆನ್ನ ಹಿಂದೆ ಗಲಾಟೆ ಮಾಡೋಕೆ ಸ್ಕೂಲ್ ಮಕ್ಕಳೂ ಇಲ್ಲ, ಕಾಫಿಗೆ ಸಕ್ಕರೆ ಕಮ್ಮಿ ಅನ್ನೋಕೆ ಅವರೂ ಇಲ್ಲ. ಆಗ ಪರಿಚಯದವರೊಬ್ಬರು ಬೆಂಗಳೂರಿನ ಒಂದು ಕೆಲಸದ ವಿಷಯ ಹೇಳಿದರು. ಅಲ್ಲೊಬ್ಬರು ಕ್ಯಾರವಾನ್‌ಗಳನ್ನು ಬಾಡಿಗೆಗೆ ಕೊಡುತ್ತಾರೆ. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ನಾನು ಅವರನ್ನು ಸಾರ್ ಅನ್ನುತ್ತೀನಿ, ಅವರು ನನ್ನನ್ನು ಅಮ್ಮ ಅನ್ನುತ್ತಾರೆ.

ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಮನೆ. ಒಳಗೆ ನಾಲ್ಕು ಮಂಚ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಮೊಣಕೈ ಅಗಲಿಸಿದರೆ ಎರಡೂ ಗೋಡೆಗೆ ತಗಲುವಂಥ ಒಂದು ಬಾತ್‌ರೂಮು. ಬೆಂಗಳೂರಿನ ಕುಟುಂಬಗಳು ಶನಿವಾರ ಬಂದರೆ ಇದರಲ್ಲಿ ಹೊರಡುತ್ತವೆ. ಹೊರಡೋದೇನೋ ಸರಿ, ಸಂಜೆ ಎಲ್ಲಿ ನಿಲ್ಲಿಸಬೇಕು? ಆ ಜಾಗ ಹುಡುಕೋದು ನನ್ನ ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ಕಡೆಯದ್ದೆಲ್ಲ ನನಗೇ ಬಿಟ್ಟಿದ್ದಾರೆ. ನೆಲ ಸಮ ಇರಬೇಕು, ನೀರಿರಬೇಕು, ನೆರಳಿರಬೇಕು, ಕೂಗಿದರೆ ಓಗೊಡುವಷ್ಟು ದೂರದಲ್ಲಿ ಒಳ್ಳೆ ಜನ ಇರಬೇಕು. ಜಾಗ ಸಿಕ್ಕ ಮೇಲೆ ಒಂದು ರಾತ್ರಿ ನಾನೇ ಅಲ್ಲಿ ತಂಗಿ, ಸಾರ್‌ಗೆ ಫೋನ್ ಮಾಡಿ ಹೇಳಬೇಕು. ಅಂದರೆ ಒಂದು ಜಾಗ ಫ್ಯಾಮಿಲಿಗೆ ಸರಿಹೋಗುತ್ತೋ ಇಲ್ಲವೋ ಅಂತ ನಾನು ಒಬ್ಬಳೇ ಮಲಗಿ ನೋಡಬೇಕು.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸಾರ್ ಒಂದು ಮಾತು ಹೇಳಿದ್ದರು. "ಅಮ್ಮ, ಒಬ್ಬಳೇ ಇದ್ದೀನಿ ಅಂತ ಯಾರಿಗೂ ಹೇಳ್ಬೇಡಿ. ಸೇಫ್ಟಿಗೋಸ್ಕರ. ಯಾರಾದ್ರೂ ಕೇಳಿದ್ರೆ ಮನೆಯೋರು ಹಿಂದೆ ಬರ್ತಾ ಇದ್ದಾರೆ ಅನ್ನಿ."

ನಾನೂ ಹಂಗೇ ಹೇಳಿಕೊಂಡು ಬಂದೆ.

ಮಿಕ್ಕಿದೋರು ಎಲ್ಲಿ?

ಮೊದಲನೇ ಜಾಗ ಶಿಡ್ಲಘಟ್ಟದ ಕಡೆ ಒಂದು ಹಿಪ್ಪುನೇರಳೆ ತೋಟ. ತೋಟದ ಅಂಚಿಗೆ ದೊಡ್ಡ ಹುಣಸೆ ಮರ, ಅದರ ಬುಡದಲ್ಲಿ ಸಗಣಿ ಸಾರಿಸಬಹುದು ಅನ್ನುವಷ್ಟು ಸಮವಾದ ನೆಲ, ಪಕ್ಕದಲ್ಲೇ ನೀರಿನ ತೊಟ್ಟಿ. ತೋಟದ ಮನೆಯಾಕೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ನನ್ನ ವಯಸ್ಸಿನವರೇ. ಬಾಗಿಲಲ್ಲೇ ನಿಂತು ವಿಷಯ ಹೇಳಿದೆ.

"ಅದಕ್ಕೇನಮ್ಮ, ನಿಲ್ಲಿಸ್ಕೊ. ಎಷ್ಟು ಜನ?" ಅಂದರು.

"ನಾಲ್ಕು ಜನ ಮಲಗಬಹುದಕ್ಕ," ಅಂದೆ. ನಾನು ಹೇಳಿದ್ದು ವ್ಯಾನಿನ ವಿಷಯ.

ಹೊತ್ತು ಮುಳುಗೋ ಹೊತ್ತಿಗೆ ಆಕೆ ತಲೆ ಮೇಲೊಂದು ಬುಟ್ಟಿ, ಕೈಯಲ್ಲೊಂದು ಪಾತ್ರೆ ಹಿಡಿದು ಬಂದರು. ಬುಟ್ಟಿಯಲ್ಲಿ ದಪ್ಪ ದಪ್ಪ ನಾಲ್ಕು ಮುದ್ದೆ. ಪಾತ್ರೆ ತುಂಬಾ ಸೊಪ್ಪಿನ ಬಸ್ಸಾರು. ಇಳಿಸಿ ಆ ಕಡೆ ಈ ಕಡೆ ನೋಡಿದರು.

"ಮಿಕ್ಕಿದೋರು ಎಲ್ಲಿ?"

"ಮನೆಯೋರು ಹಿಂದೆ ಬರ್ತಾ ಇದ್ದಾರೆ."

"ಸರಿ, ಬರ್ಲಿ. ಎಲ್ಲಾ ಒಟ್ಟಿಗೆ ಉಣ್ಣಿ," ಅಂತ ಅಲ್ಲೇ ಕೂತುಬಿಟ್ಟರು.

ಇಬ್ಬರೂ ರಸ್ತೆ ನೋಡುತ್ತಾ ಕೂತೆವು. ಒಂದು ಬೈಕ್ ಸದ್ದಾಯಿತು. ಆಕೆ ಸೆರಗು ಸರಿಮಾಡಿಕೊಂಡು ಎದ್ದರು. ಡೈರಿಗೆ ಹಾಲು ಹಾಕಿ ಬರುತ್ತಿದ್ದವರು. ಕೂತರು. ಆಮೇಲೊಂದು ಟೆಂಪೋ. ಎದ್ದರು. ಅದು ಸೊಪ್ಪಿನ ಟೆಂಪೋ. ಮತ್ತೆ ಕೂತರು. ಒಂದು ವಿಚಿತ್ರ ಏನು ಅಂದರೆ, ಯಾರೂ ಬರಲ್ಲ ಅಂತ ಗೊತ್ತಿದ್ದ ನಾನೂ ಬೈಕ್ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ. ನಮ್ಮನೆಯವರ ಬೈಕೂ ಹಂಗೇ ಸದ್ದು ಮಾಡುತ್ತಿತ್ತು. ತಿರುವಿನಲ್ಲಿ ಒಂದು ಸಲ ಕೆಮ್ಮಿ ಆಮೇಲೆ ಹತ್ತುತ್ತಿತ್ತು.

"ಮುದ್ದೆ ಆರೋಗ್ತದೆ, ಒಂದು ಫೋನಾದ್ರೂ ಮಾಡಮ್ಮ," ಅಂದರು ಆಕೆ.

ಏನು ಮಾಡೋದು? ಫೋನು ಕಿವಿಗಿಟ್ಟುಕೊಂಡು ಸುಮ್ಮನೆ ಶುರುಮಾಡಿದೆ. "ಎಲ್ಲಿದ್ದೀರಿ? ಹಾಂ... ಇನ್ನೂ ಅಲ್ಲೇನಾ? ನಿಧಾನಕ್ಕೆ ಬನ್ನಿ, ರಸ್ತೆ ಸರಿ ಇಲ್ಲ. ಊಟ ಆಯ್ತಾ?" ಹೇಳುತ್ತಾ ಹೇಳುತ್ತಾ ನನಗೇ ಖುಷಿ ಬಂತು. ಇನ್ನೂ ಒಂದೆರಡು ಮಾತು ಜಾಸ್ತಿ ಆಡಿದೆ. ಸ್ವೆಟರ್ ಹಾಕ್ಕೊಂಡಿದ್ದೀರಾ ಅಂತಲೂ ಕೇಳಿದೆ. ಅಷ್ಟರಲ್ಲಿ, ಕಿವಿಗೆ ಹಿಡಿದಿದ್ದ ಆ ಫೋನೇ ಜೋರಾಗಿ ರಿಂಗಾಯಿತು. ಸಾರ್ ಮಾಡುತ್ತಿದ್ದರು, ಜಾಗ ಹೆಂಗಿದೆ ಅಂತ ಕೇಳೋಕೆ.

ಆಕೆ ನನ್ನ ಮುಖ ನೋಡಿದರು. ಫೋನು ನೋಡಿದರು. ಎರಡು ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ಒಂದನ್ನು ನನ್ನ ಕಡೆ ತಳ್ಳಿದರು.

"ಉಣ್ಣಮ್ಮ. ನೀನೇ ಪುಣ್ಯವಂತೆ. ನಿಮ್ಮನೆಯೋರು ಇಲ್ದೇ ಇದ್ರೂ ಫೋನಲ್ಲಿ ಮಾತಾಡ್ತಾರೆ. ನಮ್ಮನೆಯೋರು ಇದ್ದೂ ಫೋನ್ ಎತ್ತಲ್ಲ."

ಕಳವಾರದ ಸಾಲು

ಸ್ಕಂದಗಿರಿ ಬೆಟ್ಟದ ಬುಡದಲ್ಲಿ ಕಳವಾರ ಅಂತ ಊರು. ಅಲ್ಲೊಬ್ಬರು ಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಒಳ್ಳೆ ಜಾಗ. ಕಿಟಕಿ ತೆಗೆದರೆ ಬೆಟ್ಟ ಬಂದು ಒಳಗೆ ಕೂತ ಹಾಗೆ. ಬೆಳಿಗ್ಗೆ ಎದ್ದು ಟೀಗೆ ನೀರಿಟ್ಟಿದ್ದೆ. ಯಾರೋ ಬಾಗಿಲು ತಟ್ಟಿದರು.

ನನ್ನ ಬಾಗಿಲನ್ನು ಯಾರಾದರೂ ತಟ್ಟಿ ಎಷ್ಟೋ ದಿನ ಆಗಿತ್ತು. ಊರಲ್ಲಿ ನಮ್ಮನೆಗೆ ಈಗ ಬರೋರು ಅಂದರೆ ಗ್ಯಾಸ್ ಸಿಲಿಂಡರಿನವರು ಒಬ್ಬರೇ, ಅವರೂ ಗೇಟಿಂದಲೇ ಕೂಗುತ್ತಾರೆ. ಹಂಗಾಗಿ ತಲೆ ಬಾಚಿಕೊಂಡು, ಮುಖ ಒರೆಸಿಕೊಂಡು ಬಾಗಿಲು ತೆಗೆದೆ. ಬೆಟ್ಟದ ಮೇಲೆ ಸೂರ್ಯೋದಯ ನೋಡಿ ಇಳಿದು ಬಂದ ಹುಡುಗಿಯೊಬ್ಬಳು ನಿಂತಿದ್ದಳು. ಹೆಗಲಿಗೆ ಬ್ಯಾಗು, ಮುಖದಲ್ಲಿ ಸಂಕಟ.

"ಆಂಟಿ, ಒಳಗೆ ಯಾರಾದ್ರೂ ಇದ್ದಾರಾ?"

ಸಾರ್ ಹೇಳಿದ್ದು ಮರೆತೇಹೋಯಿತು. "ಯಾರೂ ಇಲ್ಲಮ್ಮ, ನಾನೊಬ್ಬಳೇ."

"ಹಂಗಾದ್ರೆ ನಾನು ಹೋಗ್ಲಾ?" ಅಂದವಳೇ ನನ್ನ ಪಕ್ಕದಿಂದ ನುಗ್ಗಿ, ಸೀದಾ ಬಾತ್‌ರೂಮು ಹೊಕ್ಕು ಚಿಲಕ ಹಾಕಿಕೊಂಡಳು.

ತಿರುಗಿ ನೋಡಿದರೆ ಹೊರಗೆ ಇನ್ನೂ ಮೂರು ಜನ ನಿಂತಿದ್ದರು. ಅವರ ಹಿಂದೆ ಮತ್ತಿಬ್ಬರು ಓಡಿ ಬರುತ್ತಿದ್ದರು. ಬಿಳಿ ವ್ಯಾನು, ಪಕ್ಕದಲ್ಲಿ ನೀರಿನ ಪೈಪು, ಬಾಗಿಲಲ್ಲಿ ಒಬ್ಬಳು ಹೆಂಗಸು. ಅವರೆಲ್ಲ ಇದು ಮೊಬೈಲ್ ಟಾಯ್ಲೆಟ್ಟು ಅಂತ ತಿಳಿದುಕೊಂಡಿದ್ದರು. ಇಲ್ಲ ಕಣ್ರಪ್ಪ, ಇದು ಮನೆ, ಅಂತ ಹೇಳೋಣ ಅಂದುಕೊಂಡೆ. ಆದರೆ ಆ ಮುಖಗಳನ್ನು ನೋಡಿದ ಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಒಬ್ಬ ಹುಡುಗನಂತೂ ಮುಂದೆ ಬಂದು, "ಆಂಟಿ, ಲೇಡೀಸ್‌ಗೆ ಬೇರೆ ಲೈನ್ ಮಾಡಣ್ವಾ?" ಅಂತ ಕೇಳಿ ತಾನೇ ನಿಂತು ಎರಡು ಸಾಲು ಮಾಡಿಸಿದ.

ಸುಮ್ಮನೆ ನಿಂತಿದ್ದಾರಲ್ಲ ಅಂತ ಟೀಗೆ ಇನ್ನಷ್ಟು ನೀರು ಹಾಕಿದೆ. ಇದ್ದ ಹಾಲೆಲ್ಲ ಮುಗಿಯಿತು, ಟ್ಯಾಂಕಿನ ನೀರೂ ಮುಗಿಯಿತು. ಮಕ್ಕಳು ಎಷ್ಟು ಮಾತಾಡಿದರು ಅಂದರೆ, ಬೆಟ್ಟದ ಮೇಲೆ ಮೋಡ ಹೆಂಗಿತ್ತು ಅನ್ನೋದನ್ನ ನಾನು ಆರೇಳು ಬಾಯಲ್ಲಿ ಕೇಳಿದೆ. ಎಲ್ಲರೂ ಥ್ಯಾಂಕ್ಯೂ ಆಂಟಿ ಅಂತ ಕೈಬೀಸಿ ಹೋದ ಮೇಲೆ ಹೊಲದಲ್ಲಿ ಒಂದು ಗುಬ್ಬಿ ಕೂಗಿದರೂ ಕೇಳುವಷ್ಟು ನಿಶ್ಶಬ್ದ. ಲೋಟ ತೊಳೆಯೋಕೂ ಮನಸ್ಸು ಬರಲಿಲ್ಲ, ಹಂಗೇ ಬಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತೆ.

ಕೆಲವು ದಿನ ಆದ ಮೇಲೆ ಸಾರ್ ಫೋನ್ ಮಾಡಿದರು. "ಅಮ್ಮ, ನಿಮ್ಮ ಕಳವಾರದ ಜಾಗ ಮ್ಯಾಪಲ್ಲಿ ಬಂದ್ಬಿಟ್ಟಿದೆ!"

"ಕ್ಯಾಂಪಿಂಗ್ ಜಾಗ ಅಂತಾನಾ ಸಾರ್?"

"ಅಲ್ಲ. ಪಬ್ಲಿಕ್ ಟಾಯ್ಲೆಟ್ ಅಂತ. ಐದಕ್ಕೆ ಐದು ಸ್ಟಾರ್ ಬಿದ್ದಿದೆ. ಟೀನೂ ಕೊಡ್ತಾರೆ ಅಂತ ಬರ್ದಿದ್ದಾರೆ."

ಒಳಗೆ ಯಾರೋ ಹೆಂಗಸು

ಫೋನಲ್ಲಿ ದಾರಿ ಹೇಳೋ ಹೆಂಗಸಿನ ದನಿ ಇರುತ್ತಲ್ಲ, ನಾನು ಅವಳಿಗೆ ಉತ್ತರ ಕೊಡ್ತೀನಿ. ಯಾವಾಗಿಂದ ಶುರುವಾಯಿತು ಗೊತ್ತಿಲ್ಲ. ದಿನಪೂರ್ತಿ ಗಾಡಿಯಲ್ಲಿ ನನ್ನ ಜೊತೆ ಮಾತಾಡೋಳು ಅವಳೊಬ್ಬಳೇ. ಉತ್ತರ ಕೊಡದಿದ್ದರೆ ಚೆನ್ನಾಗಿರಲ್ಲ ಅನ್ನಿಸುತ್ತೆ.

ಒಂದು ಮಧ್ಯಾಹ್ನ ಚಿಂತಾಮಣಿ ದಾಟಿ ಒಂದು ಕೆರೆ ಅಂಗಳ ಹುಡುಕಿಕೊಂಡು ಮಣ್ಣು ರಸ್ತೆಗೆ ಇಳಿದಿದ್ದೆ. ಕುರಿ ಮಂದೆ ಅಡ್ಡ ಬಂತು. ನಿಲ್ಲಿಸಿದೆ. ಕುರಿ ಕಾಯೋ ಅಜ್ಜ ಕಿಟಕಿ ಪಕ್ಕವೇ ಬಂದು ನಿಂತ.

"ಮುಂದೆ ಎಡಕ್ಕೆ ತಿರುಗಿ," ಅಂದಳು ಅವಳು.

"ಆಯ್ತು ಕಣಮ್ಮ ತಿರುಗ್ತೀನಿ. ಕುರಿ ಇದಾವೆ ನೋಡು, ದಾಟ್ಲಿ," ಅಂದೆ.

"ಎಡಕ್ಕೆ ತಿರುಗಿ."

"ಅಲ್ಲಿ ಹಳ್ಳ ಇದೆ ಕಣೇ. ಗಾಡಿ ಇಳಿಯಲ್ಲ."

"ಎಡಕ್ಕೆ ತಿರುಗಿ."

ಅಜ್ಜ ಬಗ್ಗಿ ಒಳಗೆ ನೋಡಿದ. ಹಿಂದಿನ ಪರದೆ ಎಳೆದಿತ್ತು. "ಯಾರಮ್ಮ ಒಳಗಿರೋದು?"

ಒಬ್ಬಳೇ ಅನ್ನಬಾರದಲ್ಲ. "ನಮ್ಮ ಸೊಸೆ," ಅಂದುಬಿಟ್ಟೆ.

ಅಜ್ಜ ಕೋಲಿಗೆ ಗಲ್ಲ ಊರಿ ಕೇಳುತ್ತಾ ನಿಂತ. ನಾನು ಹಳ್ಳ ತಪ್ಪಿಸೋಕೆ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟೆ. ಅವಳು, "ಹಿಂದಕ್ಕೆ ತಿರುಗಿ," ಅಂದಳು. ನಾನು, "ಸ್ವಲ್ಪ ತಾಳ್ಮೆ ಇರ್ಲಮ್ಮ," ಅಂದೆ. "ಹಿಂದಕ್ಕೆ ತಿರುಗಿ," ಅಂದಳು. "ನಾನೇನು ಬೇಕು ಅಂತ ಮಾಡ್ತೀನಾ?" ಅಂದೆ. "ಹಿಂದಕ್ಕೆ ತಿರುಗಿ," ಅಂದಳು.

ಅಜ್ಜ ತಲೆಯಾಡಿಸಿದ. "ಸೊಸೆ ಅಂದ್ಯಲ್ಲಮ್ಮ?"

"ಹೂಂ ಅಜ್ಜ."

"ಹೋಗಮ್ಮ! ಅವಾಗಿಂದ ನೋಡ್ತಾ ಇದ್ದೀನಿ. ನೀನು ಹೇಳಿದ್ದು ಒಂದೂ ಕಿವಿಗೆ ಹಾಕ್ಕೊಳ್ಳಲ್ಲ, ತಾನು ಹೇಳಿದ್ದೇ ಹೇಳ್ತಾವ್ಳೆ. ಅವ್ಳು ಸೊಸೆ ಅಲ್ಲ, ಅತ್ತೆ."

ಪ್ರಶಾಂತವಾದ ಜಾಗ

ಮಂಚೇನಹಳ್ಳಿ ಕಡೆ ಒಂದು ಜಾಗವನ್ನು ಸಾರೇ ಮ್ಯಾಪಲ್ಲಿ ಹುಡುಕಿ ಫೋಟೋ ಕಳಿಸಿದ್ದರು. ಆಕಾಶದಿಂದ ತೆಗೆದ ಫೋಟೋ. ಸುತ್ತ ಕಾಂಪೌಂಡು, ಮಧ್ಯೆ ಖಾಲಿ ಜಾಗ, ಒಂದು ದೊಡ್ಡ ಮರ, ಮೂಲೆಯಲ್ಲೊಂದು ತೊಟ್ಟಿ. ನಾನೂ ನೋಡಿದೆ. "ಇಂಥ ಜಾಗ ಹುಡುಕಿದ್ರೂ ಸಿಗಲ್ಲ ಸಾರ್," ಅಂದೆ. ಇಬ್ಬರೂ ಸೇರಿ ಒಪ್ಪಿದ ಜಾಗ ಅದು.

ಹೋದೆ. ಗೇಟು ತೆರೆದೇ ಇತ್ತು. ಹೊಂಗೆ ಮರದ ಕೆಳಗೆ ವ್ಯಾನು ನಿಲ್ಲಿಸಿ, ಅದರ ಪಕ್ಕದ ಬಟ್ಟೆ ಚಪ್ಪರ ಹೊರಗೆಳೆದು, ಮಡಿಸೋ ಕುರ್ಚಿ ಹಾಕಿ, ಟೀಗೆ ಇಟ್ಟೆ. ತಣ್ಣಗೆ ಗಾಳಿ ಬೀಸುತ್ತಿತ್ತು. ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, ತೆಗೆದು ನೋಡಿದರೆ ಎದುರಿಗೆ ಹುಲ್ಲಿನ ಮರೆಯಲ್ಲಿ ಒಂದು ಕಲ್ಲು. ಅದರ ಪಕ್ಕ ಇನ್ನೊಂದು. ಸಾಲಾಗಿ ಮತ್ತಷ್ಟು. ನಾನು ಗಾಡಿ ನಿಲ್ಲಿಸಿದ್ದು ಊರ ಸ್ಮಶಾನದಲ್ಲಿ.

ಎದ್ದು ಕುರ್ಚಿ ಮಡಿಸುತ್ತಿದ್ದೆ. ವಯಸ್ಸಾದ ಯಜಮಾನರೊಬ್ಬರು ಬಿಂದಿಗೆಯಲ್ಲಿ ನೀರು ತಂದು ಒಂದು ಸಮಾಧಿಯ ಪಕ್ಕದ ಕಣಗಿಲೆ ಗಿಡಕ್ಕೆ ಹಾಕಿದರು. ನನ್ನನ್ನು ನೋಡಿದರು. ವ್ಯಾನು ನೋಡಿದರು. ಒಲೆ ಮೇಲಿನ ಟೀ ನೋಡಿದರು.

"ಏನಮ್ಮ, ನೀನು ಮನೆ ಸಮೇತ ಬಂದ್ಬಿಟ್ಟಿದ್ದೀಯಾ?"

ಗಾಬರಿಗೆ ಬಾಯಿಂದ ಹಳೇ ಮಾತೇ ಬಂತು. "ಮನೆಯೋರು ಹಿಂದೆ ಬರ್ತಾ ಇದ್ದಾರೆ."

"ಇಲ್ಲಿ ಎಲ್ರದೂ ಹಂಗೇ ಕಣಮ್ಮ," ಅಂದರು ಯಜಮಾನರು. "ಒಬ್ರು ಮುಂದೆ ಬರ್ತಾರೆ, ಮಿಕ್ಕಿದೋರು ಹಿಂದೆ ಬರ್ತಾರೆ."

ನಗಬಾರದ ಕಡೆ ಜೋರಾಗಿ ನಕ್ಕುಬಿಟ್ಟೆ. ಅವರೂ ನಕ್ಕರು. ಟೀ ಆಗಿತ್ತು, ಕೊಟ್ಟೆ. ಅವರು ಕಣಗಿಲೆ ಗಿಡ ತೋರಿಸಿ, "ನಮ್ಮೋಳು ಮುಂದೆ ಬಂದ್ಲು. ಆತುರ ಜಾಸ್ತಿ. ಬಸ್ಸಿಗೂ ಹಂಗೇ, ನನಗಿಂತ ಮುಂಚೆ ಓಡಿ ಹತ್ತಿ ಸೀಟು ಹಿಡಿಯೋಳು," ಅಂದರು. ನಾನು, "ನಮ್ಮನೆಯೋರೂ ಮುಂದೆ ಹೋದ್ರು," ಅಂದೆ. ಈ ಕೆಲಸಕ್ಕೆ ಸೇರಿದ ಮೇಲೆ ಗೊತ್ತಿಲ್ಲದ ಒಬ್ಬರಿಗೆ ಮನೆಯೋರ ವಿಷಯ ನಿಜ ಹೇಳಿದ್ದು ಅದೇ ಮೊದಲು. ಅವರು ಅಯ್ಯೋ ಪಾಪ ಅನ್ನಲಿಲ್ಲ. "ಟೀ ಚೆನ್ನಾಗಿ ಮಾಡ್ತೀಯ ಕಣಮ್ಮ," ಅಂದರು. ಅಷ್ಟು ಸಾಕಾಗಿತ್ತು.

ಅವರು ಹೋದ ಮೇಲೆ ಸಾರ್ ಫೋನ್ ಬಂತು. "ಅಮ್ಮ, ಹೆಂಗಿದೆ ಜಾಗ? ಸೈಲೆಂಟಾ?"

"ತುಂಬಾ ಸೈಲೆಂಟು ಸಾರ್."

"ಅಕ್ಕಪಕ್ಕದೋರ ಕಾಟ?"

"ಒಬ್ರೂ ತುಟಿ ಬಿಚ್ಚಲ್ಲ ಸಾರ್."

"ಸೂಪರ್! ಫ್ಯಾಮಿಲಿ ಕಳಿಸಬಹುದಾ?"

"ಕಳಿಸಬಹುದು ಸಾರ್. ಆದ್ರೆ ವಾಪಸ್ ವ್ಯಾನು ಮಾತ್ರ ಬರುತ್ತೆ."

ಫ್ಯಾಮಿಲಿ ಕ್ಯಾಂಪು

ಚಿಂತಾಮಣಿಯಿಂದ ಆಂಧ್ರದ ಗಡಿ ಕಡೆ ಹೋದರೆ ಊರುಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನನಗೆ ಎರಡೂ ಬರುತ್ತೆ. ಕೆಡಿಸಿದ್ದು ಎರಡೂ ಅಲ್ಲದ ಇಂಗ್ಲಿಷು.

ಅಲ್ಲೊಂದು ಊರಲ್ಲಿ ಅರಳಿಕಟ್ಟೆಯ ಮೇಲೆ ಏಳೆಂಟು ಗಂಡಸರು ಇಸ್ಪೀಟು ಆಡುತ್ತಾ ಕೂತಿದ್ದರು. ಕಟ್ಟೆ ಪಕ್ಕದ ಬಯಲು ಚೆನ್ನಾಗಿತ್ತು. ಇಳಿದು ಹೋಗಿ ಮರ್ಯಾದೆಯಾಗಿ ಕೇಳಿದೆ. "ಅಣ್ಣ, ಇಲ್ಲಿ ಫ್ಯಾಮಿಲಿ ಕ್ಯಾಂಪ್ ಮಾಡಬೇಕು ಅಂತಿದ್ದೀವಿ. ಜಾಗ ಕೊಡ್ತೀರಾ?"

ಇಸ್ಪೀಟು ಹಿಡಿದ ಕೈಗಳು ಹಂಗೇ ನಿಂತವು.

ನಮ್ಮ ಕಡೆ ಕ್ಯಾಂಪು ಅಂದರೆ ಎರಡೇ. ಒಂದು ಕಣ್ಣಿನ ಕ್ಯಾಂಪು, ಇನ್ನೊಂದು ಮಕ್ಕಳಾಗದ ಹಾಗೆ ಆಪರೇಷನ್ ಮಾಡೋ ಕ್ಯಾಂಪು. ಫ್ಯಾಮಿಲಿ ಅಂತ ಮುಂದೆ ಸೇರಿಸಿದ ಮೇಲೆ ಅನುಮಾನವೇ ಇಲ್ಲ. ಅದು ನನಗೆ ಹೊಳೆಯಲಿಲ್ಲ.

ಒಬ್ಬರು ಮೆಲ್ಲಗೆ ಕೇಳಿದರು. "ಈ ಸಲ ಹೆಂಗಸ್ರಿಗಾ, ಗಂಡಸ್ರಿಗಾ?"

"ಇಬ್ರಿಗೂ ಅಣ್ಣ. ಫ್ಯಾಮಿಲಿ ಅಂದ್ಮೇಲೆ ಇಬ್ರೂ ಇರ್ಬೇಕಲ್ಲ."

ಇನ್ನೊಬ್ಬರು ಎದ್ದು ಹೋಗಿ ವ್ಯಾನಿನ ಒಳಗೆ ಇಣುಕಿ ಬಂದರು. ಬಂದವರ ಮುಖ ಬಿಳಿಚಿಕೊಂಡಿತ್ತು. "ಒಳಗೇ ನಾಲ್ಕು ಬೆಡ್ ಹಾಕವ್ರೆ. ನಲ್ಲಿನೂ ಐತೆ."

"ಇವತ್ತೇ ಶುರುನಾ?"

"ಹೂಂ ಅಣ್ಣ, ನೀವು ಒಪ್ಪಿದ್ರೆ ಇವತ್ತೇ. ಒಂದು ಸದ್ದಿಲ್ಲ ಗಲಾಟೆ ಇಲ್ಲ, ಬೆಳಿಗ್ಗೆ ಎದ್ದು ಹೋಗ್ತಾರೆ." ಯಾರಿಗೂ ತೊಂದರೆ ಆಗಲ್ಲ ಅನ್ನೋಕೆ ನಾನು ಹಾಗಂದಿದ್ದು.

"ಡಾಕ್ಟ್ರು ಎಲ್ಲಿ?"

ಯಾರು ಎಲ್ಲಿ ಅಂತ ಕೇಳಿದರೂ ನನ್ನ ಬಾಯಿಂದ ಬರೋದು ಒಂದೇ ಮಾತು. "ಹಿಂದೆ ಬರ್ತಾ ಇದ್ದಾರೆ."

ಅಷ್ಟೇ. ಒಬ್ಬರಿಗೆ ಹಸುಗೆ ನೀರು ಕುಡಿಸೋದು ನೆನಪಾಯಿತು. ಇನ್ನೊಬ್ಬರಿಗೆ ಮೋಟರ್ ಆಫ್ ಮಾಡೋದು ನೆನಪಾಯಿತು. ಒಬ್ಬರಂತೂ ಎಡಗಾಲಿನ ಚಪ್ಪಲಿ ಬಿಟ್ಟೇ ಹೋದರು. ನೋಡ್ತಾ ನೋಡ್ತಾ ಕಟ್ಟೆ ಖಾಲಿ. ಇಸ್ಪೀಟೆಲೆ ಗಾಳಿಗೆ ಹಾರಾಡುತ್ತಿತ್ತು. ನಾನೇನು ತಪ್ಪು ಹೇಳಿದೆ ಅಂತ ಗೊತ್ತಾಗದೆ ನಿಂತಿದ್ದೆ. ಯಾರನ್ನಾದರೂ ಮಾತಾಡಿಸೋಣ ಅಂತ ಹೋದರೆ ಜನ ಓಡಿ ಹೋಗೋದು ಅಂದರೆ ಮನಸ್ಸಿಗೆ ಒಂಥರಾ ಆಗುತ್ತೆ.

ಎದುರು ಮನೆ ಜಗಲಿಯಿಂದ ಒಬ್ಬ ಅಜ್ಜಿ ಇಳಿದು ಬಂದಳು. "ನಾಕೆಂದುಕಮ್ಮಾ ಇಪ್ಪುಡು?" ಅಂದಳು. ನನಗ್ಯಾಕಮ್ಮ ಈಗ ಅಂತ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ಈ ವಯಸ್ಸಲ್ಲಿ ನನಗೆ ಆಪ್ರೇಷನ್ ಮಾಡಿ ಏನು ಸಿಗ್ತದೆ ನಿನಗೆ?" ಅಂತ ಕೇಳಿದಳು.

ಆಗ ನನಗೆ ಹೊಳೆಯಿತು. ನಗು ತಡೆಯೋಕಾಗದೆ ಕಟ್ಟೆ ಮೇಲೆ ಕೂತು, ಇದು ಮನೆ ಥರದ ಗಾಡಿ, ಊರು ನೋಡೋಕೆ ಬರೋರು ಮಲಗೋಕೆ ಅಂತ ಎಲ್ಲಾ ಬಿಡಿಸಿ ಹೇಳಿದೆ. ಅಷ್ಟು ಹೊತ್ತಿಗೆ ಇನ್ನೂ ನಾಲ್ಕೈದು ಹೆಂಗಸರು ಸೇರಿದ್ದರು. "ತಪ್ಪಾಯ್ತು, ಗಂಡಸ್ರನ್ನೆಲ್ಲ ಕರೀರಿ, ನಾನೇ ಹೇಳ್ತೀನಿ," ಅಂದೆ.

ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹೇಳ್ಬೇಡ ಸುಮ್ನಿರು! ಹಗಲು ಹೊತ್ತು ಇವ್ರು ಮನೆಗೆ ಹೋಗಿ ಕೆಲಸ ಮುಟ್ಟಿದ್ದು ಇವತ್ತೇ. ವಾರಕ್ಕೊಂದ್ಸಲ ಬಾಮ್ಮ. ಏನೂ ಮಾಡ್ಬೇಡ, ಗಾಡಿ ತಂದು ಸುಮ್ನೆ ನಿಲ್ಲಿಸು."

ಚಾಪೆ

ಇಷ್ಟೆಲ್ಲ ಜಾಗ ಹುಡುಕಿದರೂ, ನಾನು ಹುಡುಕಿದ ಜಾಗದಲ್ಲಿ ಒಂದು ಫ್ಯಾಮಿಲಿ ಇದ್ದಿದ್ದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನಾನು ಹೊರಟ ಮೇಲೆ ಅವರು ಬರುತ್ತಾರೆ. ಅವರು ಅಲ್ಲಿ ನಗುತ್ತಾರೋ, ಊಟಕ್ಕೆ ಏನು ಮಾಡಿಕೊಳ್ಳುತ್ತಾರೋ, ಯಾವ ಮಂಚದಲ್ಲಿ ಯಾರು ಮಲಗುತ್ತಾರೋ ಅಂತ ನಾನೇ ಅಂದುಕೊಳ್ಳುತ್ತಿದ್ದೆ. ಹಂಗಾಗಿ ಒಂದು ಶನಿವಾರ ಸಾರ್, "ಡ್ರೈವರ್ ರಜಾ ಹಾಕಿದ್ದಾನೆ, ಈ ಫ್ಯಾಮಿಲಿನ ನೀವೇ ಕರ್ಕೊಂಡು ಹೋಗ್ತೀರಾ?" ಅಂದಾಗ ಬೀರುವಿನಿಂದ ಒಳ್ಳೆ ಸೀರೆ ತೆಗೆದು ಉಟ್ಟುಕೊಂಡು ಹೋದೆ.

ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಗಂಡನ ತಾಯಿ. ದಾರಿಯುದ್ದಕ್ಕೂ ಹಿಂದಿನಿಂದ ಒಂದು ಮಾತಿಲ್ಲ. ಪ್ರಶಾಂತವಾದ ಸಂಸಾರ ಅಂದುಕೊಂಡೆ. ಚಿಂತಾಮಣಿಯ ಆಚೆ ಒಂದು ಮಾವಿನ ತೋಪಿಗೆ ಕರೆದುಕೊಂಡು ಹೋದೆ. ಒಳಗೇ ಅಡುಗೆ ಮಾಡಿಕೊಂಡು ಊಟ ಮುಗಿಸಿ, ಬಾಗಿಲು ಹಾಕಿ, ಎಸಿ ಹಾಕಿಕೊಂಡರು. ಅವರವರೇ ಇರಲಿ ಅಂತ ನಾನು ದೂರದ ಒಂದು ಮರದ ಕೆಳಗೆ ಚಾಪೆ ಹಾಸಿ, ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ ಕೂತೆ. ವ್ಯಾನಿನ ಕಿಟಕಿ ಕಡೆ ಆಗಾಗ ಕಣ್ಣು ಹೋಗುತ್ತಿತ್ತು. ಒಳಗೆ ನಾಲ್ಕೂ ಮಂಚ ತುಂಬಿರುತ್ತೆ ಅಂತ ನೆನೆಸಿಕೊಂಡರೆ ಒಂಥರಾ ಸಮಾಧಾನ, ಒಂಥರಾ ಹೊಟ್ಟೆಕಿಚ್ಚು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಗಂಡನ ತಾಯಿ ಇಳಿದು ಬಂದರು. "ಎಸಿ ಗಾಳಿಗೆ ಮಂಡಿ ಹಿಡ್ಕೊಳ್ತು. ಇಲ್ಲಿ ಕೂರ್ಲಾ?" ಅಂದರು. ಕಡಲೆಕಾಯಿ ಮುಂದಿಟ್ಟೆ.

ಆಮೇಲೆ ಹುಡುಗಿ ಬಂದಳು. "ಒಳಗೆ ಬೋರು. ನೆಟ್‌ವರ್ಕ್ ಇಲ್ಲ," ಅಂದು ಅಜ್ಜಿ ತೊಡೆಗೆ ಒರಗಿದಳು.

ಆಮೇಲೆ ಹೆಂಡತಿ. "ಆ ಡಬ್ಬಿಯಲ್ಲಿ ಅವ್ರ ಗೊರಕೆ ಕೇಳಿದ್ದೀರಾ? ತಗಡು ಅದುರ್ತಾ ಇದೆ!" ಅವರೂ ಕೂತರು.

ಕಡಲೆಕಾಯಿ ಬಿಡಿಸುತ್ತಾ ಬಿಡಿಸುತ್ತಾ ಮಾತು ಶುರುವಾಯಿತು. ಅತ್ತೆ ತನ್ನ ಮಗ ಚಿಕ್ಕವನಿದ್ದಾಗ ಮೇಕೆಗೆ ಹೆದರಿ ಮರ ಹತ್ತಿ ಕೂತಿದ್ದನ್ನು ಹೇಳಿದರು. ಸೊಸೆಗೆ ಅದು ಗೊತ್ತೇ ಇರಲಿಲ್ಲವಂತೆ, ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರು. ಆ ಸದ್ದಿಗೆ ಗಂಡನಿಗೆ ಎಚ್ಚರ. ಕಣ್ಣುಜ್ಜುತ್ತಾ ಓಡಿ ಬಂದರು, "ಎಲ್ಲಾ ಎಲ್ಲೋದ್ರಿ? ನನ್ನೊಬ್ಬನ್ನೇ ಬಿಟ್ಟು!" ಅಂತ. ಅವರೂ ಚಾಪೆಯ ತುದಿಗೆ ಕೂತರು.

ಒಬ್ಬೊಬ್ಬರು ಬಂದಾಗಲೂ ನಾನು ಸ್ವಲ್ಪ ಸ್ವಲ್ಪ ಸರಿಯುತ್ತಾ ಬಂದಿದ್ದೆ. ಈಗ ನಾನು ಕೂತಿದ್ದು ಮರದ ಬೇರಿನ ಮೇಲೆ. ಗಂಡನ ತಾಯಿ ಅದನ್ನು ನೋಡಿ, "ಪಾಪ, ಇಲ್ಲಿ ಜಾಗ ಇಲ್ಲ ನಿನಗೆ. ವ್ಯಾನು ಖಾಲಿ ಇದೆಯಲ್ಲ, ಹೋಗಿ ಆರಾಮಾಗಿ ಮಲಕ್ಕೊ ಹೋಗಮ್ಮ," ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದಿದ್ದು. ಹೋದೆ. ಮಲಗಿದೆ. ಆ ವ್ಯಾನಿನಲ್ಲಿ ಅಷ್ಟು ದಿನ ಒಬ್ಬಳೇ ಮಲಗಿದ್ದೀನಿ, ಯಾವತ್ತೂ ಅಷ್ಟು ಬಿಕೋ ಅಂದಿರಲಿಲ್ಲ. ಹೊರಗಿನ ನಗು ತಗಡಿನ ಮೂಲಕ ಸಣ್ಣಗೆ ಕೇಳುತ್ತಿತ್ತು. ಗೋಡೆ ಕಡೆ ತಿರುಗಿಕೊಂಡೆ.

ನಗು ನಿಂತಿತು. ಆಮೇಲೆ ಒಂದು ಜೋರು ದನಿ. ಅದಕ್ಕಿಂತ ಜೋರಾದ ಇನ್ನೊಂದು ದನಿ. ಅಷ್ಟರಲ್ಲಿ ಹುಡುಗಿ ಓಡಿ ಬಂದು ಬಾಗಿಲು ಬಡಿದಳು.

"ಆಂಟಿ, ಬೇಗ ಬನ್ನಿ! ಬೇರೆಯೋರು ಯಾರಾದ್ರೂ ಮಧ್ಯದಲ್ಲಿ ಕೂತಿದ್ರೆ ಮಾತ್ರ ಇವ್ರು ಚೆನ್ನಾಗಿರೋದು. ನೀವು ಎದ್ದು ಬಂದ ತಕ್ಷಣ ಜಗಳ ಶುರು ಆಯ್ತು!"

ಕೈ ಹಿಡಿದು ಎಳೆದುಕೊಂಡು ಹೋಗಿ, ಅಪ್ಪ ಅಮ್ಮನನ್ನು ಆ ಕಡೆ ಈ ಕಡೆ ತಳ್ಳಿ, ಚಾಪೆಯ ನಟ್ಟನಡುವೆ ನನ್ನನ್ನು ಕೂರಿಸಿದಳು. ಹೊತ್ತು ಮುಳುಗೋವರೆಗೂ ನಾನು ಅಲ್ಲಾಡಲಿಲ್ಲ. ಒಬ್ಬರೂ ದನಿ ಏರಿಸಲಿಲ್ಲ. ರಾತ್ರಿ ಊಟವೂ ಅಲ್ಲೇ, ನನ್ನ ಎಡಗಡೆ ಇಬ್ಬರು, ಬಲಗಡೆ ಇಬ್ಬರು.

ಸೋಮವಾರ ಸಾರ್ ಫೋನ್ ಮಾಡಿದರು. "ಅಮ್ಮ, ಆ ಫ್ಯಾಮಿಲಿಯವರು ಫೋನ್ ಮಾಡಿದ್ರು."

"ಏನಾದ್ರೂ ಕಂಪ್ಲೇಂಟಾ ಸಾರ್?"

"ಇಲ್ಲ, ಮುಂದಿನ ತಿಂಗಳು ಮತ್ತೆ ಅದೇ ತೋಪಿಗೆ ಹೋಗ್ತಾರಂತೆ. ಆದ್ರೆ ವ್ಯಾನು ಬೇಡವಂತೆ, ಅವರ ಕಾರಲ್ಲೇ ಬರ್ತಾರಂತೆ. ಆ ಚಾಪೆ, ಆಮೇಲೆ ಡ್ರೈವರಮ್ಮ, ಇವೆರಡನ್ನು ಮಾತ್ರ ಕಳಿಸಿ ಅಂತಿದ್ದಾರೆ. ಇದಕ್ಕೆಲ್ಲ ನಾನು ಏನು ಬಾಡಿಗೆ ಹೇಳ್ಲಿ ಅಮ್ಮ?"

"ಚಾಪೆಗೆ ನಿಮಗೆ ತೋಚಿದ್ದು ಹೇಳಿ ಸಾರ್," ಅಂದೆ. "ಡ್ರೈವರಮ್ಮ ಫ್ರೀ ಇದ್ದಾಳೆ ಅನ್ನಿ."